ತೌಡಿಗೆ ಕೊಂಡ ಮಗ

ದೇಸೂರಿನ ಕಾಡವ್ವನಿಗೆ ಮಕ್ಕಳೆಷ್ಟು ಎಂದು ಹೊಸಬರು ಯಾರಾದರೂ ಕೇಳಿದರೆ ಆಕೆ ಮೂರು ಬೆರಳು ಮಡಚಿ ನಾಲ್ಕನೆಯದರ ಹತ್ತಿರ ತಡೆಯುತ್ತಾಳೆ. ಹಡೆದದ್ದು ಮೂರು ಹೆಣ್ಣು. ಮೂರನ್ನೂ ಒಳ್ಳೆಯ ಮನೆ ನೋಡಿ ಕೊಟ್ಟಾಗಿದೆ. ಮಾತು ಅಲ್ಲಿಗೇ ಮುಗಿಯಬೇಕು, ಮುಗಿಯುವುದಿಲ್ಲ. ಹಡೆಯದೆ ಕೊಂಡುಕೊಂಡ ಮಗನೊಬ್ಬನಿದ್ದ. ಬಾಳೇಶ ಅಂತ ಅವನ ಹೆಸರು. ಆ ಹೆಸರು ಕಿವಿಗೆ ಬಿದ್ದರೆ ಬೆಳಗಾವಿಯಲ್ಲಿ ಇವತ್ತಿಗೂ ಕೆಲವರು ಮಾತು ನಿಲ್ಲಿಸಿ ಆಚೀಚೆ ನೋಡುತ್ತಾರೆ.

ಕೊಂಡ ಮಗ ಎಂದರೆ ದತ್ತಕ ಮಗ ಎಂದು ತಿಳಿಯಬೇಡಿ. ಇದಕ್ಕೆ ಕಚೇರಿ ಬೇಡ, ವಕೀಲರು ಬೇಡ. ಹುಟ್ಟಿದ ಕೂಸುಗಳು ನಿಲ್ಲದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಹೆಂಗಸರೆಲ್ಲ ಸೇರಿ ಸಾವಿಗೇ ಒಂದು ಮೋಸ ಮಾಡುತ್ತಾರೆ. ಕೂಸನ್ನು ಮೊರದಲ್ಲಿ ಹಾಕಿ, ಮಕ್ಕಳು ಗಟ್ಟಿಯಾಗಿ ಬಾಳಿರುವ ಇನ್ನೊಬ್ಬಳ ಹೊಸ್ತಿಲಿಗೆ ಒಯ್ದು, ಎಮ್ಮೆಗೆ ಹಾಕುವ ತೌಡಿಗೆ ಮಾರಿಬಿಡುತ್ತಾರೆ. ತಾಯಿ ಯಾವುದನ್ನು ನನ್ನದು ಅನ್ನುತ್ತಾಳೋ ಅದರ ಮೇಲೆ ಸಾವಿಗೆ ಕಣ್ಣು. ಒಂದು ಬೊಗಸೆ ತೌಡಿಗೆ ಬಿಕರಿಯಾದ ಮಾಲನ್ನು ಅದು ಯಾಕೆ ಮುಟ್ಟೀತು?

ಕಾಡವ್ವನ ಪಕ್ಕದ ಮನೆಯ ಲಕ್ಷ್ಮಿ ಹಡೆದ ಎರಡು ಕೂಸುಗಳು ಹೆಸರಿಡುವ ಮೊದಲೇ ಮಣ್ಣು ಸೇರಿದ್ದವು. ಮೂರನೆಯದು ಗಂಡಾಯಿತು. ಊರಿನ ಸೂಲಗಿತ್ತಿ ಫಕೀರವ್ವ ಅದನ್ನು ಮೊರದಲ್ಲಿ ಮಲಗಿಸಿ ಕಾಡವ್ವನ ಹೊಸ್ತಿಲಲ್ಲಿ ತಂದಿಟ್ಟು, ಸಂತೆಯಲ್ಲಿ ಕೂಗುವ ಹಾಗೆ ಕೂಗಿದಳು.

"ಕಾಡವ್ವಾ, ಯಾರದೋ ಬೇವಾರಸಿ ಕೂಸು ಬಂದೈತಿ. ಕೊಳ್ತೀ ಏನ?"

ಕಾಡವ್ವ ಪದ್ಧತಿಯಂತೆ ಮೂಗು ಮುರಿದಳು. "ಬಡಕೈತಿ, ಕರ್ರಗೈತಿ. ಇದಕ್ಕ ಏನ್ ಕೊಡೂದು? ಬೇಕಾದ್ರ ಒಂದು ಬೊಗಸಿ ತವುಡು ತಗೊಂಡು ಬಿಟ್ಟು ಹೋಗ."

ವ್ಯಾಪಾರ ಮುಗಿಯಿತು. ಗೋಡೆಯಾಚೆ ಬಾಣಂತಿ ಲಕ್ಷ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೇಳುತ್ತಿದ್ದಳು. ಅಳುವಂತಿರಲಿಲ್ಲ, ಅತ್ತರೆ ಕೂಸು ತನ್ನದೆಂದು ಒಪ್ಪಿಕೊಂಡಂತೆ. ಆಮೇಲೆ ಕೂಸಿಗೆ ಹಾಲು ಕೊಡಲು ಅವಳನ್ನೇ ಕರೆದರು, ಆದರೆ ಕೂಲಿಯಾಳಿನ ಹಾಗೆ. ಅವಳು ಅವನನ್ನು ಮಗನೇ ಎಂದು ಕರೆಯಕೂಡದು. ಎಲ್ಲರೆದುರು 'ಕಾಡವ್ವನ ಹುಡುಗ' ಅನ್ನಬೇಕು. ಅವನ ಮದುವೆಗೆ ಮುಂಚೆ ಹಡೆದವಳು ಹಸಿರು ಸೀರೆ, ಬೊಗಸೆ ತೌಡು ಹಿಡಿದು ಕೊಂಡವಳ ಬಾಗಿಲಿಗೆ ಬಂದು, ನನ್ನ ಮಗನನ್ನು ನನಗೆ ಕೊಡು ಎಂದು ಕೇಳಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅವನು ಕೊಂಡವಳ ಸ್ವತ್ತು.

ಹೆಚ್ಚಿನ ಮನೆಗಳಲ್ಲಿ ಇದು ನಾಲ್ಕು ದಿನದ ಆಟ. ಕೂಸು ಹಲ್ಲು ಬಿಡುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ಲಕ್ಷ್ಮಿ ಮಾತ್ರ ಆಟದ ನಿಯಮವನ್ನು ಒಂದು ಕೂದಲೆಳೆಯಷ್ಟೂ ಮುರಿಯಲಿಲ್ಲ. ಇತ್ತ ಮೂರು ಹೆಣ್ಣು ಹಡೆದು ಅತ್ತೆಯ ಬಾಯಿಗೆ ಬಿದ್ದಿದ್ದ ಕಾಡವ್ವನಿಗೆ ಆಟವೇ ನಿಜವಾಗಿಬಿಟ್ಟಿತು. ಬಾಳಲಿ ಎಂದು ಬಾಳೇಶ ಅಂತ ಹೆಸರಿಟ್ಟವಳೂ ಅವಳೇ. ಹುಡುಗ ಅವಳನ್ನು ಅವ್ವ ಅಂದ, ಹಡೆದವಳನ್ನು ಲಕ್ಷ್ಮಕ್ಕ ಅಂದ. ಕಾಡವ್ವನ ಗಂಡ ಭರಮಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನವನು. ಮಾತು ಕಡಿಮೆ. "ಮಂದಿ ಮಗನ್ನ ಭಾಳ ಹಚ್ಚಗೋಬ್ಯಾಡ, ಹೊಳ್ಳಿ ಕೊಡೂದೈತಿ" ಎಂದು ಒಮ್ಮೆ ಅಂದದ್ದಕ್ಕೆ ಕಾಡವ್ವ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

ಸಾಲೆಗೆ ಹೋಗುವ ವಯಸ್ಸಿನಲ್ಲಿ ಯಾರೋ ಬಾಳೇಶನ ಕಿವಿ ಊದಿದರು. ಅವನು ಪಾಟಿಚೀಲ ಬಿಸಾಕಿ ನೇರ ಲಕ್ಷ್ಮಿಯ ಅಡುಗೆಮನೆಗೆ ಓಡಿದ.

"ಲಕ್ಷ್ಮಕ್ಕಾ, ನೀನ ನನ್ನ ಹಡದಾಕಿ ಅಂತ, ಖರೇನ?"

ಲಕ್ಷ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀ ಕಾಡವ್ವನ ಹುಡುಗ. ಹೋಗು, ನಿಮ್ಮವ್ವ ಕರಿಯಾಕತ್ತಾಳ."

ಕಾಡವ್ವ ಕರೆದಿರಲಿಲ್ಲ. ಹುಡುಗ ಆ ಮಧ್ಯಾಹ್ನವೆಲ್ಲ ಎಮ್ಮೆಯ ಗೋದಲಿಯ ಹಿಂದೆ ಕೂತಿದ್ದ. ಕರೆದರೆ ಬರಲಿಲ್ಲ, ಬೆಲ್ಲ ತೋರಿಸಿದರೂ ಬರಲಿಲ್ಲ. ಅವನಿಗೆ ಬೇಕಾದದ್ದು ಒಂದೇ ಮಾತಾಗಿತ್ತು, ಅದೂ ಲಕ್ಷ್ಮಿಯ ಬಾಯಿಂದ. ಹುಡುಗ ಬೆಳೆದಂತೆ ಈ ಹಟ ಬಿಟ್ಟುಹೋಗುತ್ತದೆ ಎಂದು ಕಾಡವ್ವ ಅಂದುಕೊಂಡಳು. ಲಕ್ಷ್ಮಿಯ ಗಂಡ ತಮ್ಮಣ್ಣ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು ಎದೆನೋವಿನಿಂದ ಹೋದ ಮೇಲೆ ಅವಳು ಇನ್ನಷ್ಟು ಮುಚ್ಚಿಕೊಂಡಳು. ಮಣ್ಣು ಕೊಡುವಾಗ ಬಾಳೇಶ ಕಾಡವ್ವನ ಸೆರಗು ಹಿಡಿದು ದೂರ ನಿಂತಿದ್ದ.

ಕಾಡವ್ವನದು ಮೊಸರಿನ ವ್ಯಾಪಾರ. ಖಾನಾಪುರದ ಕುಂಬಾರರ ಗಡಿಗೆಯಲ್ಲಿ ಎಮ್ಮೆಹಾಲು ಹೆಪ್ಪು ಹಾಕಿದರೆ ಚಾಕುವಿನಿಂದ ಕೊಯ್ಯುವಂಥ ಮೊಸರಾಗುತ್ತದೆ. ಗಡಿಗೆಗಳನ್ನು ಬುಟ್ಟಿಯಲ್ಲಿ ಕೂಡಿಸಿ, ಬೆಳಗಿನ ಪ್ಯಾಸೆಂಜರ್ ಹತ್ತಿ, ಬೆಳಗಾವಿಯಲ್ಲಿಳಿದು ಶಹಾಪುರದ ಓಣಿಗಳಲ್ಲಿ ತಿರುಗುವುದು. ಮಗ್ಗದ ಸದ್ದಿನ ಮೇಲೆ ಸದ್ದು ಮಾಡಿ ಕೂಗಬೇಕು. ಮರಾಠಿಯವರ ಬಾಗಿಲಲ್ಲಿ 'ದಹೀ', ಕನ್ನಡದವರ ಬಾಗಿಲಲ್ಲಿ 'ಮೊಸರ'. ಎಲ್ಲರಿಗಿಂತ ಹೆಚ್ಚು ಚೌಕಾಶಿ ಮಾಡುತ್ತಿದ್ದವರು ನೂಲಿನ ವ್ಯಾಪಾರಿ ಪಾಯಪ್ಪನವರ ಹೆಂಡತಿ ರಾಜಮತಿ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ. ಇವತ್ತಿನ ಮೊಸರು ಇವತ್ತೇ ಬೇಕು, ಹುಳಿ ಇರಬಾರದು, ಮೇಲೆ ಕೆನೆ ಬೇಕು, ಬೆಲೆ ಮಾತ್ರ ಹೋದ ವರ್ಷದ್ದೇ ಇರಬೇಕು.

"ಅಕ್ಕಾರ, ನಿಮ್ಮ ಕೂಡ ಹೊಡದಾಡಿದ ಮ್ಯಾಲೆ ನನಗ ಮನಿಯಾಗ ಗಂಡನ ಜೋಡಿ ಜಗಳಾಡಾಕ ಶಕ್ತಿನ ಉಳಿಯೂದಿಲ್ಲ ನೋಡ್ರಿ" ಎಂದು ಕಾಡವ್ವ ಅನ್ನುವಳು. ರಾಜಮತಿ ನಗುವರು. ಅವರ ಮಗ ಅತಿಶಯ ಚಮಚ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದ. ಮೇಲಿನ ಕೆನೆ ಅವನದೆಂದು ಮಾತಾಗಿತ್ತು.

ಬಾಳೇಶ ಮೀಸೆ ಮೂಡುವ ಹೊತ್ತಿಗೆ ಗಡಿಗೆ ತರುವ ನೆಪದಲ್ಲಿ ಖಾನಾಪುರದ ಕಾಡಿನಾಚೆಯ ಮಂದಿಯ ಸಹವಾಸ ಮಾಡಿದ್ದ. ಒಂದು ದಿನ ಬುಟ್ಟಿಯ ತಳದ ಹುಲ್ಲಿನಡಿ ಕಾಡವ್ವನ ಕೈಗೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಗಂಟು ಸಿಕ್ಕಿತು. ಘಾಟು ವಾಸನೆ.

"ಏನೋ ಇದು?"

"ಗಿಡಮೂಲಿಕಿ ಔಷಧ ಬೇ ಅವ್ವಾ. ಸ್ಟೇಶನ್ ಹೊರಗ ಒಬ್ಬಾಂವ ಬಂದು ಇಸಕೋತಾನ."

ಮೊಸರಿನವಳ ಬುಟ್ಟಿಗೆ ಯಾವ ಪೊಲೀಸನೂ ಕೈ ಹಾಕುವುದಿಲ್ಲ, ಮೈಲಿಗೆಯಾದೀತೆಂದು ಅವನಿಗೇ ಸಂಕೋಚ. ಅದನ್ನು ಹುಡುಗ ಕಂಡುಕೊಂಡಿದ್ದ. ಕಾಡವ್ವ ನಂಬಿದಳೋ, ನಂಬಿದರೆ ಸುಖವೆಂದು ನಂಬಿದಳೋ, ಅದನ್ನು ಆಕೆಯೇ ಇವತ್ತಿಗೂ ಬಿಡಿಸಿ ಹೇಳಲಾರಳು. ಹುಲ್ಲು ಸರಿಮಾಡಿ ಬುಟ್ಟಿ ಹೊತ್ತಳು. ಆಮೇಲೆ ಎಷ್ಟೋ ತಿಂಗಳು ಹೊತ್ತಳು. ಮೋಸ ಹೋದೆನೆಂದು ಅವಳು ಅತ್ತುಕೊಳ್ಳಬಹುದು, ಆದರೆ ಆ ಘಾಟು ಅವಳ ಮೂಗಿಗೆ ಬಡಿದದ್ದಂತೂ ಸುಳ್ಳಲ್ಲ.

ಬಾಳೇಶನಿಗೆ ಹೆಣ್ಣು ಗೊತ್ತಾಯಿತು. ಮದುವೆಗೆ ಮುಂಚೆ ಬಿಡಿಸಿಕೊಳ್ಳುವ ಶಾಸ್ತ್ರಕ್ಕೆ ದಿನ ನೋಡಿದರು. ಇಪ್ಪತ್ತು ದಾಟಿದ ಗಂಡಸು ಹೊಸ ಧೋತರ ಉಟ್ಟು ಕಾಡವ್ವನ ಪಡಸಾಲೆಯಲ್ಲಿ ಮದುಮಗಳಂತೆ ನಾಚಿ ಕೂತದ್ದನ್ನು ನೋಡಿ ನೆರೆಯವರು ನಕ್ಕದ್ದೇ ನಕ್ಕದ್ದು. ಅವನೂ ನಗುತ್ತಿದ್ದ. ಬೆಳಿಗ್ಗೆ ಹೂವು ತರಲು ಹೋಗಿ ರೈಲ್ವೆ ಗೇಟಿನ ಹತ್ತಿರ ಬೈಕಿನಿಂದ ಬಿದ್ದು ಹಣೆ ಒಡೆದುಕೊಂಡಿದ್ದ. ಕಾಡವ್ವ ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದ್ದಳು, ಬಟ್ಟೆಯ ಮೇಲೂ ರಕ್ತ ಒಸರಿತ್ತು. "ಇದೇನ ಬಾಸಿಂಗ ಈಗ ಕಟಗೊಂಡಿಯಲ್ಲೋ" ಎಂದು ಚೇಷ್ಟೆ ಮಾಡಿದ್ದರು. ಅಷ್ಟರಲ್ಲಿ ಇನ್ನೊಂದು ಮಾತೂ ಊರಲ್ಲಿ ಓಡಾಡುತ್ತಿತ್ತು: ಹಿಂದಿನ ದಿನ ಪೊಲೀಸರು ಜೀಪಿನಲ್ಲಿ ಬಂದು ಬಾಳೇಶನ ಬಗ್ಗೆ ವಿಚಾರಿಸಿ ಹೋಗಿದ್ದರು.

ಲಕ್ಷ್ಮಿ ಬಂದಳು. ಕೈಯಲ್ಲಿ ಹಸಿರು ಸೀರೆ, ಉಡಿಯಲ್ಲಿ ತೌಡು. ಹೊಸ್ತಿಲ ಹೊರಗೆ ನಿಂತು ಮುಖವೆತ್ತಿ ಬಾಳೇಶನನ್ನು ನೋಡಿದಳು. ಅವನು ಎದ್ದು ನಿಂತ. ಅವಳ ತುಟಿ ಅಲುಗಿತು, ಮುಖ ಬಿಳುಪಾಯಿತು.

"ಇವತ್ತ ಬ್ಯಾಡ" ಅಂದಳು. ಹೊರಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ 'ಇವತ್ತು' ಕಳೆದು ನಾಳೆ ಯಾವತ್ತೂ ಬರಲಿಲ್ಲ. ಪೊಲೀಸರ ಸುದ್ದಿ ಕೇಳಿ ಹೆಣ್ಣಿನವರೂ ಹಿಂದೆ ಸರಿದರು.

ಜೀಪು ಬಂದ ಮನೆಯ ಹುಡುಗ ತನ್ನವನಲ್ಲ ಎಂದುಬಿಟ್ಟಳು ಅಂತ ಊರು ಮಾತಾಡಿತು. ಕಾಡವ್ವನೂ ಹಾಗೇ ತಿಳಿದಳು. ಮೇಲೆ ಮೇಲೆ ಸಿಟ್ಟು ಮಾಡಿಕೊಂಡಳಾದರೂ ಹೊಟ್ಟೆಯೊಳಗೆ ಎಲ್ಲೋ ಅವಳಿಗೆ ತಂಪೆನಿಸಿತು, ಹುಡುಗ ತನಗೇ ಉಳಿದ. ಹೋಗಿ ಯಾಕೆಂದು ಕೇಳಬಹುದಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಕೇಳಲಿಲ್ಲ.

ಬಾಳೇಶ ಹಣೆಯ ಬಟ್ಟೆ ಕಿತ್ತು ಒಲೆಗೆ ಎಸೆದ. "ಒಂದು ಬೊಗಸಿ ತವುಡಿಗೂ ನಾ ಆಕಿಗೆ ಬ್ಯಾಡಾದ್ನೆಲ್ಲ ಬೇ ಅವ್ವಾ" ಅಂದ. ಹೊಸ ಧೋತರದಲ್ಲೇ ಮನೆ ಬಿಟ್ಟು ಹೋದ.

ಅವನು ಕೆಟ್ಟದ್ದು ಅದಕ್ಕೇ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಾತು ಸಿಗದೆ ಬೆಳೆದ ಮಕ್ಕಳೆಲ್ಲ ವಿಷ ಮಾರುವುದಿಲ್ಲ. ಅವನು ಆಗಲೇ ಆ ದಾರಿ ಹಿಡಿದಾಗಿತ್ತು, ಈಗ ಓಡತೊಡಗಿದ ಅಷ್ಟೆ. ಮೊದಲು ಗಾಂಜಾ. ಆಮೇಲೆ ಗೋವಾದ ಕಡೆಯಿಂದ ಘಟ್ಟ ಹತ್ತಿ ಬರುವ ಗುಳಿಗೆ, ಬಿಳಿ ಪುಡಿ. ಕಾಲೇಜು ಹುಡುಗರ ಬಾಡಿಗೆ ಕೋಣೆಗಳು, ಚಹಾದಂಗಡಿಗಳು, ಗ್ಯಾರೇಜುಗಳು, ಎಲ್ಲಿ ನೋಡಿದರೂ ಅವನ ಹುಡುಗರು. ಎದುರು ನಿಂತವರ ಕಾಲು ಮುರಿಯಿತು, ಒಬ್ಬನಂತೂ ಊರನ್ನೇ ಬಿಟ್ಟ. ಕೆಲವೇ ವರ್ಷಗಳಲ್ಲಿ ದೇಸೂರಿನ ಬಾಳೇಶ ಹೋಗಿ 'ಬಾಳೇಶಣ್ಣ' ಬಂದ. ಗಣಪತಿ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಚೌಕಗಳಲ್ಲಿ ಕೈಮುಗಿದು ನಗುವ ಅವನ ಬ್ಯಾನರು ಏಳತೊಡಗಿತು. ಮಹಾಂತೇಶ ನಗರದಲ್ಲಿ ಎರಡಂತಸ್ತಿನ ಬಂಗಲೆ, ಬಾಗಿಲಲ್ಲಿ ಎರಡು ಕಾರು. ದೊಡ್ಡ ದೊಡ್ಡವರು ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು.

ಕಾಡವ್ವನನ್ನೂ ಕರೆದೊಯ್ದ. ಆಕೆ ಎಂಟು ದಿನ ಮೆತ್ತನೆ ಸೋಫಾದ ತುದಿಯಲ್ಲಿ ಕೂತು, ಎಮ್ಮೆಗಳ ನೆಪ ಹೇಳಿ ವಾಪಸು ಬಂದಳು. ಭರಮಪ್ಪ ಅಲ್ಲಿಗೆ ಕಾಲಿಡಲೇ ಇಲ್ಲ. ಬಾಳೇಶ ಕಳಿಸಿದ ವಾಚನ್ನು ಅವನು ಗೂಟಕ್ಕೆ ತೂಗುಹಾಕಿದ, ಕೈಗೆ ಕಟ್ಟಲಿಲ್ಲ. ಲಕ್ಷ್ಮಿಗೆಂದು ಬಾಳೇಶ ಬಂಗಾರದ ಬಳೆ ಮಾಡಿಸಿ ಕಾಡವ್ವನ ಕೈಯಲ್ಲಿ ಕೊಟ್ಟ. ಲಕ್ಷ್ಮಿ ಅವುಗಳನ್ನು ಬಿಚ್ಚಿಯೂ ನೋಡಲಿಲ್ಲ.

"ನಿನ್ನ ಹುಡುಗನ ವಸ್ತಾ ನನಗ್ಯಾಕ? ಒಯ್ದು ಕೊಡ."

"ಅಂವಗ ಎಷ್ಟು ಸಂಕಟ ಆಕ್ಕೈತಿ ಗೊತ್ತೈತೇನ ನಿನಗ?"

"ನಿನ್ನ ಹುಡುಗ, ನಿನಗ ಗೊತ್ತಿರತೈತಿ" ಎಂದು ಲಕ್ಷ್ಮಿ ಬಾವಿಯ ಕಡೆ ನಡೆದಳು. ಎಂಥ ಸೊಕ್ಕು ಇವಳದು ಎಂದು ಕಾಡವ್ವನ ಮೈ ಉರಿಯಿತು. ವಾಪಸು ಬಂದ ಬಳೆಗಳನ್ನು ಬಾಳೇಶ ಅಕ್ಕಸಾಲಿಗನಿಗೆ ಕರಗಿಸಲು ಕೊಟ್ಟ. ಮರುವಾರ ಇನ್ನೂ ದಪ್ಪನೆಯವನ್ನು ಮಾಡಿಸಿ ಕಳಿಸಿದ. ಅವೂ ಬಂದವು.

ಕಾಡವ್ವ ಮೊಸರು ಬಿಡಲಿಲ್ಲ. ಆದರೆ ಶಹಾಪುರದಲ್ಲಿ ಏನೋ ಬದಲಾಗಿತ್ತು. ಯಾರೂ ಚೌಕಾಶಿ ಮಾಡುತ್ತಿರಲಿಲ್ಲ. ಹೇಳಿದ ಬೆಲೆಯನ್ನು ತಕ್ಷಣ ಕೊಟ್ಟು ಬಾಗಿಲು ಹಾಕಿಕೊಳ್ಳುವರು. ಮೊಸರು ಹುಳಿಯೆಂದು ಬಯ್ಯುವವರಿಲ್ಲ, ಕೊಸರು ಹಾಕೆಂದು ಗೋಳಾಡುವವರಿಲ್ಲ. ರೈಲಿನಲ್ಲಿ ಅವಳು ಕೂತರೆ ಪಕ್ಕದವರು ಮೆಲ್ಲನೆ ಎದ್ದು ಬೇರೆ ಕಡೆ ಹೋಗುವರು. ಮಂದಿ ತನಗೆ ಹೆದರುತ್ತಿದ್ದಾರೆ ಎಂದು ಅವಳಿಗೆ ತಿಳಿಯಲು ಬಹಳ ದಿನ ಬೇಕಾಯಿತು. ತಿಳಿದ ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತಳು. ರಾಜಮತಿಯೊಬ್ಬರೇ ಮೊದಲಿನಂತೆ ಜಗಳಾಡುತ್ತಿದ್ದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ, ಅಥವಾ ಈ ಮೊಸರಿನವಳಿಗೂ ಆ ಬ್ಯಾನರಿನವನಿಗೂ ಸಂಬಂಧವಿದ್ದೀತೆಂದು ಹೊಳೆದಿರಲಿಲ್ಲ.

ನಡುವೆ ಕೆಲವು ತಿಂಗಳು ಆ ಮನೆಯ ಬಾಗಿಲು ಹಾಕಿತ್ತು. ಪುಣೆಯ ಆಸ್ಪತ್ರೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಮತ್ತೆ ಮೊಸರಿಗೆ ಬಾಗಿಲು ತೆರೆದ ದಿನ ರಾಜಮತಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಕೆನಿ ತೆಗದು ಕೊಡ ಕಾಡವ್ವಾ. ಕೆನಿ ತಿನ್ನಾಂವ ಇಲ್ಲ ಈಗ."

ಕಾಡವ್ವನಿಗೆ ಅರ್ಥವಾಗಲಿಲ್ಲ. ರಾಜಮತಿಯೇ ಹೇಳಿದರು. ಅತಿಶಯ ಪುಡಿಯ ಚಟಕ್ಕೆ ಬಿದ್ದಿದ್ದ. ಮೊದಲು ಓದು ಹೋಯಿತು, ಆಮೇಲೆ ಊಟ, ಆಮೇಲೆ ಮಾತು. ಪುಣೆಯಿಂದ ಗುಣವಾಗಿ ಬಂದ ಎಂದು ಬಸದಿಯಲ್ಲಿ ಪೂಜೆ ಮಾಡಿಸಿದ್ದರು. ಒಂದು ವಾರಕ್ಕೆ ಬಚ್ಚಲುಮನೆಯಲ್ಲಿ ಬಿದ್ದಿದ್ದ, ಬಾಗಿಲು ಒಡೆದು ತೆಗೆಯಬೇಕಾಯಿತು. ರಾಜಮತಿ ಅಳದೆ, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದರು. ಆಮೇಲೆ ಕಾಡವ್ವನ ಮುಖ ನೋಡಿ ಕೇಳಿದರು.

"ಆ ದೇಸೂರ ಬಾಳೇಶ ನಿನ್ನ ಮಗಾ ಅಂತಾರಲ್ಲ. ಖರೇನ?"

ಕಾಡವ್ವನ ಬಾಯಿಗೆ ಉತ್ತರ ಬಂದು ನಿಂತಿತ್ತು. ಅಲ್ಲರಿ, ಬಾಜೂ ಮನಿ ಲಕ್ಷ್ಮಿ ಮಗಾ, ನಾ ಸುಮ್ಮ ಶಾಸ್ತ್ರಕ್ಕ ಕೊಂಡಾಕಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೇಳಿದ್ದರೆ ರಾಜಮತಿ ನಂಬುತ್ತಿದ್ದರು, ಬಹುಶಃ ಕೈಹಿಡಿದು ಅಳುತ್ತಿದ್ದರು. ಆದರೆ ಅವನನ್ನು ಒಬ್ಬಳು ಆಗಲೇ ಬಿಟ್ಟಿದ್ದಳು.

"ಹೌದ್ರಿ ಅಕ್ಕಾರ" ಅಂದಳು. "ನನ್ನ ಮಗಾ."

ರಾಜಮತಿ "ನಾಳಿಂದ ಬರಬ್ಯಾಡ" ಎಂದು ಎದ್ದು ಒಳಗೆ ಹೋದರು. ಕಾಡವ್ವ ಮಿಕ್ಕ ಮೊಸರನ್ನು ಯಾರಿಗೂ ಮಾರಲಿಲ್ಲ. ಅವತ್ತೇ ಬುಟ್ಟಿ ಇಳಿಸಿದವಳು ಮತ್ತೆ ಹೊರಲಿಲ್ಲ.

ಮಹಾಂತೇಶ ನಗರಕ್ಕೆ ಹೋಗಿ ಬಾಳೇಶನ ಎದುರು ನಿಂತಳು. "ಎಂಥ ಗಲ್ಲ ಇದ್ವು ಆ ಹುಡುಗನವು, ಚಮಚ ಹಿಡಕೊಂಡು ನಿಂತಿರತಿತ್ತು. ಬಿಡೋ ಇದನ್ನ. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ಅವನ ಕಣ್ಣು ಹಳದಿಯಾಗಿತ್ತು, ಮಾತು ತಡವರಿಸುತ್ತಿತ್ತು. ಮಾರುವವನು ತಾನೂ ರುಚಿ ನೋಡತೊಡಗಿದ್ದ. "ನಾ ಯಾರ ಬಾಯಾಗ ತುರುಕಿಲ್ಲ ಬೇ" ಎಂದು ನಕ್ಕ. ಆ ನಗೆ ನೋಡಿ ಕಾಡವ್ವನಿಗೆ ಅವನ ಮೇಲೆ ಹೇಸಿಗೆಯಾಯಿತು, ಮೊದಲ ಸಲ. ಹೇಸಿಗೆಯಾದರೂ ಹೊರಡುವಾಗ ಅಡುಗೆಯವಳಿಗೆ, ಖಾರ ಕಡಿಮೆ ಹಾಕು, ಅವನ ಹೊಟ್ಟೆ ಸರಿಯಿಲ್ಲ ಎಂದು ಹೇಳಿಯೇ ಬಂದಳು.

ಬೀಳುವುದಕ್ಕೆ ಏರುವಷ್ಟು ಕಾಲ ಬೇಕಾಗಲಿಲ್ಲ. ಅವನ ಅನ್ನ ತಿಂದು ಬೆಳೆದ ಯಲ್ಲೇಶ ಎಂಬುವನೇ ಪೊಲೀಸರ ಕಡೆ ವಾಲಿದ. ಖಾನಾಪುರದ ಕಾಡಿನಂಚಿನ ತೋಟದ ಮನೆಯಲ್ಲಿ ಮಾಲಿನ ಸಮೇತ ಬಾಳೇಶ ಸಿಕ್ಕಿಬಿದ್ದ. ಓಡಲೂ ಆಗಲಿಲ್ಲವಂತೆ, ಕಾಲು ಬಾತಿತ್ತು. ಬಂಗಲೆಗೆ ಸರಕಾರದ ಬೀಗ ಬಿತ್ತು. ಬ್ಯಾನರುಗಳನ್ನು ಕಿತ್ತು ಯಾರೋ ದನದ ಕೊಟ್ಟಿಗೆಗೆ ತಾಡಪತ್ರಿ ಮಾಡಿಕೊಂಡರು. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದವರು ಆ ಬೀದಿಯಲ್ಲೇ ಹಾಯುವುದನ್ನು ನಿಲ್ಲಿಸಿದರು. ವಾಹಿನಿಯವರು ಅವನನ್ನು ರಾಕ್ಷಸನೆಂದರು. ಕಾಡವ್ವ ಟಿ.ವಿ. ಆರಿಸಲಿಲ್ಲ. ರಾಜಮತಿಯವರೂ ಇದನ್ನೇ ನೋಡುತ್ತಿರಬಹುದು ಎಂದುಕೊಂಡು ಕೂತು ನೋಡಿದಳು.

ಹಿಂಡಲಗಾ ಜೈಲಿನಲ್ಲಿ ತಾಯಿಯ ಹೆಸರು ಕೇಳಿದಾಗ ಅವನು ಕಾಡವ್ವ ಎಂದು ಹೇಳಿದ್ದ. ಆಕೆ ತಪ್ಪದೆ ಭೇಟಿಗೆ ಹೋದಳು. ಅವನು ಒಂದು ಸಲವೂ ತನ್ನ ಕೇಸಿನ ಬಗ್ಗೆ ಕೇಳಲಿಲ್ಲ, ವಕೀಲನ ಬಗ್ಗೆ ಕೇಳಲಿಲ್ಲ. "ಲಕ್ಷ್ಮಕ್ಕ ಹೆಂಗದಾಳ? ಏನರ ಅಂದ್ಲೇನ?" ಅಷ್ಟೇ. ಕಾಡವ್ವ ಪ್ರತಿ ಸಲ, ಕೇಳಿದ್ದಾಳೆ, ಊಟ ಮಾಡು ಅಂದಿದ್ದಾಳೆ ಎಂದು ಸುಳ್ಳು ಹೇಳಿದಳು. ಪ್ರತಿ ಸಲವೂ ಅವನಿಗೆ ಅದು ಸುಳ್ಳೆಂದು ತಿಳಿಯಿತು.

ಯಕೃತ್ತು ಪೂರ್ತಿ ಕೈಕೊಟ್ಟ ಮೇಲೆ ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಹಾಕಿದರು. ಬಾಗಿಲಲ್ಲಿ ಚನ್ನಬಸಯ್ಯ ಎಂಬ ವಯಸ್ಸಾದ ಪೊಲೀಸಿನವರು ಕಾವಲಿಗೆ. ಇನ್ನು ಹೆಚ್ಚು ದಿನವಿಲ್ಲ, ಬರುವವರಿದ್ದರೆ ಬಂದು ಹೋಗಲಿ ಎಂದು ಡಾಕ್ಟರು ಕಾಡವ್ವನಿಗೆ ಹೇಳಿದರು. ಬರುವವರು ಎಂದರೆ ಯಾರು? ಕಾಡವ್ವ ದೇಸೂರಿಗೆ ಹೋಗಿ ಲಕ್ಷ್ಮಿಯ ಎರಡೂ ಕೈ ಹಿಡಿದಳು.

"ಅಂವ ಉಳಿಯೂದಿಲ್ಲಂತ. ಹೊಡಿ ಬೇಕಾದ್ರ, ಬೈಯಿ, ಆದ್ರ ಒಮ್ಮೆ ಬಂದು 'ಮಗನ' ಅಂತ ಕರಿ. ಕಡೀಕ ಒಮ್ಮೆ."

ಲಕ್ಷ್ಮಿ ಚಪ್ಪಲಿ ಮೆಟ್ಟಿದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಸರಳನ್ನು ಬಿಡಲಿಲ್ಲ.

ವಾರ್ಡಿನ ಬಾಗಿಲಲ್ಲಿ ಚನ್ನಬಸಯ್ಯ ಎದ್ದು ನಿಂತರು. "ಇವರು ಯಾರ್ರಿ? ಇವರೇನ ತಾಯಿ?"

ಹಾಸಿಗೆಯ ಮೇಲೆ ಬಾಳೇಶ ಕಣ್ಣು ತೆರೆದ. ಲಕ್ಷ್ಮಿಯನ್ನು ಕಂಡು ಕುತ್ತಿಗೆ ಎತ್ತಲು ನೋಡಿದ. ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಮೂವರಿಗೂ ಗೊತ್ತಾಯಿತು.

"ಅಲ್ಲರಿ" ಅಂದಳು ಲಕ್ಷ್ಮಿ, ಇಡೀ ವಾರ್ಡಿಗೆ ಕೇಳುವಷ್ಟು ಗಟ್ಟಿಯಾಗಿ. "ನಾ ಏನೂ ಅಲ್ಲ. ತಾಯಿ ಇಕಿ, ಕಾಡವ್ವ. ಇಂವ ಕಾಡವ್ವನ ಹುಡುಗ."

ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಅವಳು ಅವನನ್ನು ನೋಡಿದಳು. ಮುಟ್ಟಲಿಲ್ಲ. ಬಾಳೇಶ ನಿಧಾನಕ್ಕೆ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡ.

ಕಾಡವ್ವ ಅವಳನ್ನು ತೋಳು ಹಿಡಿದು ಹೊರಗಿನ ಮೊಗಸಾಲೆಗೆ ಎಳೆದು ತಂದಳು. "ಕಲ್ಲೇನ ನೀನು? ಸಾಯಾಂವಗೂ ಒಂದು ಮಾತು ಕೊಡಾಕ ಆಗಲಿಲ್ಲಲ್ಲ ನಿನಗ?"

"ಸಾವಕಾಶ ಮಾತಾಡ" ಲಕ್ಷ್ಮಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಕೇಳಿಸಿಕೊಂಡೀತು."

"ಯಾವ್ದು?"

"ಮೊದಲಿನ ಎರಡನ್ನ ಒಯ್ತಲ್ಲ, ಅದು."

ಕಾಡವ್ವ ಹಿಡಿದಿದ್ದ ತೋಳು ಬಿಟ್ಟಳು. ಲಕ್ಷ್ಮಿ ಪಿಸುಗುಟ್ಟುತ್ತ ಹೋದಳು, ಇಷ್ಟು ವರ್ಷದ್ದೆಲ್ಲ ಒಮ್ಮೆಲೇ. "ಅವತ್ತ ನಿನ್ನ ಹೊಸ್ತಲಕ ಬಂದಿದ್ನಿ. ಮಗನ್ನ ಕೊಡು ಅಂತ ಬಾಯಿ ತೆರೀಬೇಕು, ಹಣಿ ಮ್ಯಾಲೆ ರಕ್ತ ಕಂಡ್ತು. ನಾ ಬೇಡಾಕ ಹೊಂಟದ್ದಕ್ಕ ಅಂವ ಬಿದ್ದಾನ, ಬೇಡಿದ್ರ ಒಯ್ದ ಬಿಡತೈತಿ ಅನಿಸ್ತು. ಹೊಳ್ಳಿ ಬಂದ್ನಿ. ಬಳಿ ಹಾಕ್ಕೊಂಡಿದ್ರ ಮಗಾ ಮಾಡಿಸಿ ಕೊಟ್ಟಾನ ಅಂತ ಯಾರರ ಅಂತಿದ್ರು. ಜೈಲಿಗೆ ಬಂದಿದ್ರ ತಾಯಿ ಅಂತ ಬರಕೊಂತಿದ್ರು. ನಾ ನಂದು ಅನ್ನಲಿಲ್ಲಂತನ ಅಲ್ಲೇನ ಅಂವ ಇಷ್ಟು ದಿನ ಬದುಕಿದ್ದು?"

ಪೊಲೀಸರ ಜೀಪಲ್ಲ, ಊರಿನ ಮಾನವಲ್ಲ. ಕಾಡವ್ವ ಇಷ್ಟು ವರ್ಷ ಸೊಕ್ಕು ಎಂದುಕೊಂಡದ್ದು ಬರೀ ಹೆದರಿಕೆಯಾಗಿತ್ತು. ಒಂದು ಸಲ ಗೋಡೆ ದಾಟಿ ಹೋಗಿ ಯಾಕೆ ಎಂದು ಕೇಳಿದ್ದರೆ ಅವಳು ಅವತ್ತೇ ಹೇಳುತ್ತಿದ್ದಳು. ಹುಡುಗನಿಗೂ ಗೊತ್ತಾಗುತ್ತಿತ್ತು. ಕಾಡವ್ವ ಬಾಗಿಲ ಕಡೆ ಹೊರಳಿದಳು. ಈಗಲಾದರೂ ಹೇಳಬೇಕು. ಲಕ್ಷ್ಮಿ ಅವಳ ಕಾಲನ್ನು ತಬ್ಬಿಕೊಂಡು ನೆಲದ ಮೇಲೆ ಕೂತಳು.

"ಹೇಳಬ್ಯಾಡ. ನಿನ್ನ ಮೂರೂ ಮಕ್ಕಳಾಣಿ, ಹೇಳಬ್ಯಾಡ. ಡಾಕ್ಟರಿಗೇನ ಗೊತ್ತು, ಉಳದರೂ ಉಳದಾನು. ನನ್ನ ಬೈಕೋತ ಉಳೀಲಿ ಅಂವ."

ಹೇಳಬಹುದಿತ್ತು. ಕಾಲು ಬಿಡಿಸಿಕೊಂಡು ಒಳಗೆ ಹೋಗಿ, ಅವನ ಕಿವಿಯಲ್ಲಿ ಎರಡೇ ಮಾತು ಹೇಳಿದ್ದರೆ ಸಾಕಿತ್ತು. ಆದರೆ ಒಬ್ಬ ತಾಯಿ ಕಾಲು ಹಿಡಿದು ಉಳಿದಾನು ಅನ್ನುವಾಗ, ಇಲ್ಲ ಉಳಿಯುವುದಿಲ್ಲ ಎಂದು ಹೇಳುವ ಗಂಟಲು ಕಾಡವ್ವನಿಗಿರಲಿಲ್ಲ. ಅವಳ ಒಳಗೂ ಒಂದು ಮೂಲೆಯಲ್ಲಿ ಆ ನಂಬಿಕೆ ಕೂತಿತ್ತು. ತೌಡು ಅಳೆದು ಕೊಟ್ಟ ಕೈ ಅವಳದೇ ಅಲ್ಲವೆ? ಅವಳು ಲಕ್ಷ್ಮಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದಳು. ಒಳಗೆ ಹೋಗಿ ಬಾಳೇಶನ ತಲೆ ನೇವರಿಸುತ್ತ ಕೂತಳು. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಹೋದ್ಲೇನ ಅವ್ವಾ?" ಎಂದು ಒಂದು ಸಲ ಕೇಳಿದ. "ಇಲ್ಲೇ ಅದಾಳೋ" ಅಂದಳು. ಇದೊಂದು ನಿಜವಾಗಿತ್ತು, ಇದನ್ನೂ ಅವನು ನಂಬಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಗಾಡಿ ವಾರ್ಡಿನಲ್ಲಿ ತಿರುಗುತ್ತಿದ್ದಾಗ ಬಾಳೇಶ ತೀರಿಕೊಂಡ. ದೂರದ ಜಿಲ್ಲೆಯವರೆಗೆ ಹೆಸರಾದವನ ಮೈಮೇಲೆ ಆಸ್ಪತ್ರೆಯ ಹಸಿರು ಹೊದಿಕೆಯೊಂದಿತ್ತು ಅಷ್ಟೆ.

ಚನ್ನಬಸಯ್ಯ ಹೊರಗೆ ಬಂದು, ಹೆಣವನ್ನು ಕೊಯ್ಯಲು ಒಯ್ಯುತ್ತಾರೆ, ಅದಕ್ಕೆ ಮುಂಚೆ ಮನೆಯವರೊಬ್ಬರು ನೋಡಬಹುದು ಎಂದರು. "ತಾಯಿ ಒಬ್ಬರ ಬರ್ರಿ" ಎಂದು ರೂಢಿಯಂತೆ ಕಾಡವ್ವನ ಕಡೆ ನೋಡಿದರು. ಕಾಡವ್ವ ರೂಢಿಯಂತೆ ಎದ್ದಳು. ಅಷ್ಟರಲ್ಲಿ ಲಕ್ಷ್ಮಿ ಅವಳನ್ನು ದಾಟಿ ಮುಂದೆ ಬಂದಳು. ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು.

"ನಾನ್ರಿ. ನಾ ಹಡದಾಕಿ. ನನ್ನ ಮಗಾ ಅಂವ."

ಚನ್ನಬಸಯ್ಯ ಗಲಿಬಿಲಿಯಾಗಿ ಕಾಡವ್ವನ ಮುಖ ನೋಡಿದರು.

"ಆಕೀನ ಬಿಡ್ರಿ ಸಾಹೇಬ್ರ" ಅಂದಳು ಕಾಡವ್ವ. "ಆಕೀನ ತಾಯಿ."

ಹೀಗೆ ಅವನನ್ನು ಕೊಟ್ಟಳು. ಬಾಗಿಲು ಮುಚ್ಚಿತು. ಒಳಗಿನಿಂದ ಲಕ್ಷ್ಮಿಯ ದನಿ ಎದ್ದಿತು. ಅಳುವಿಗಿಂತ ಹೆಚ್ಚಾಗಿ ಅದು ಕರೆಯಾಗಿತ್ತು. ನನ್ನ ಮಗನ, ನನ್ನ ಕೂಸ, ನನ್ನ ಬಂಗಾರ, ನನ್ನ ಹೊಟ್ಟ್ಯಾಗ ಹುಟ್ಟಿದ್ದ. ಎದೆಹಾಲು ಕೊಡುವಾಗ ಕರೆಯಬೇಕಾಗಿದ್ದದ್ದನ್ನು, ಮೊದಲ ದಿನ ಸಾಲೆಗೆ ಕಳಿಸುವಾಗ ಕರೆಯಬೇಕಾಗಿದ್ದದ್ದನ್ನು, ಬಯ್ಯುವಾಗ ಕರೆಯಬೇಕಾಗಿದ್ದದ್ದನ್ನು ಒಂದೊಂದಾಗಿ, ಯಾರ ಭಯವೂ ಇಲ್ಲದೆ, ಗಂಟಲು ಬಿರಿಯುವ ಹಾಗೆ ಕರೆಯುತ್ತಿದ್ದಳು. ವಾರ್ಡಿನವರು ಊಟದ ತಾಟು ಹಿಡಿದುಕೊಂಡು ನಿಂತರು.

ಕಾಡವ್ವ ಹೊರಗಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅಳಲಿಲ್ಲ. ಬಾಳೇಶ ಗೋದಲಿಯ ಹಿಂದೆ ಕೂತ ದಿನದಿಂದ ಕೇಳಬೇಕೆಂದಿದ್ದ ಮಾತು ಇದೇ, ಅವನ ಪಾಲಿಗೆ ಅದು ಬರಲಿಲ್ಲ. ಅವನ ಬದಲಿಗೆ ತಾನಾದರೂ ಪೂರ್ತಿ ಕೇಳಿಸಿಕೊಳ್ಳಬೇಕೆಂದು, ಒಂದು ಮಾತೂ ತಪ್ಪಿಹೋಗದ ಹಾಗೆ, ಬಾಗಿಲಿಗೆ ಕಿವಿಗೊಟ್ಟು ಕೂತಳು.